ವಿದರ್ಭದ ಏಕಲವ್ಯ

ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರನ್ನು ದೇಶ ವಿದೇಶಗಳ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅಣಿಗೊಳಿಸುವ ಸಂಸ್ಥೆ ಏಕಲವ್ಯ ಇಂಡಿಯಾ ಫೌಂಡೇಶನ್. 2017ರಲ್ಲಿ ಇದು ಹುಟ್ಟಿದ್ದು ಮಹಾರಾಷ್ಟ್ರದ ವಿದರ್ಭದಲ್ಲಿ, ನಾಗಪುರದಿಂದ ಸುಮಾರು 150 ಕಿಲೋಮೀಟರ್ ದೂರದ ಯವತ್ಮಾಳದಲ್ಲಿ. ಹತ್ತಿ ಬೆಳೆಯುವ ಈ ಜಿಲ್ಲೆಯ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ರೈತರ ಆತ್ಮಹತ್ಯೆಯ ಸುದ್ದಿಗಳಲ್ಲಿ.

ಸ್ಥಾಪಕ ರಾಜು ಕೇಂದ್ರೆ ಬುಲ್ಢಾಣಾ ಜಿಲ್ಲೆಯ ಹಳ್ಳಿಯ ರೈತಾಪಿ ಮನೆಯವರು. ಓದಲು ಪುಣೆಗೆ ಹೋದಾಗ ಹಾಸ್ಟೆಲ್ ಸಿಗದೆ ಹಿಂತಿರುಗಿ, ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿದರು. 2021ರಲ್ಲಿ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯ ಸೇರಿದರು. ತಾವು ತಡವಿ ತಡವಿ ಕಂಡುಕೊಂಡ ದಾರಿಯಲ್ಲಿ ಹಿಂದೆ ಬರುವವರೂ ತಡವರಿಸಬಾರದು ಎಂಬುದೇ ಸಂಸ್ಥೆಯ ಬುನಾದಿ.

ಹೊರನೋಟಕ್ಕೆ ಕಾಣುವ ಅಡ್ಡಿ ಹಣ. ಅದಕ್ಕೆ ಸರ್ಕಾರದ ನೆರವು ಇಲ್ಲದಿಲ್ಲ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗಾಗಿ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನ. ಕುಟುಂಬದ ವರಮಾನ 8 ಲಕ್ಷ ರೂಪಾಯಿ ದಾಟಿರಬಾರದು. ಮಹಾರಾಷ್ಟ್ರದಲ್ಲಿ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆ ಇದೆ, ಕರ್ನಾಟಕದಲ್ಲಿ ‘ಪ್ರಬುದ್ಧ’ ಯೋಜನೆ ಇದೆ. ಇಷ್ಟು ಸ್ಥಾನಗಳು ಎಲ್ಲಿಗೂ ಸಾಲವು. ಆದರೆ ಇವುಗಳ ಬಾಗಿಲವರೆಗೆ ಬರುವುದೇ ಹಲವರಿಗೆ ಆಗದ ಮಾತು.

ಉದ್ದೇಶ ಪತ್ರದಲ್ಲಿ ತನ್ನ ಬಗ್ಗೆ ಏನು ಬರೆಯಬೇಕು, ಶಿಫಾರಸು ಪತ್ರವನ್ನು ಯಾರಲ್ಲಿ ಕೇಳಬೇಕು, ಇಂಗ್ಲಿಷ್ ಪರೀಕ್ಷೆಯ ಶುಲ್ಕಕ್ಕೆ ಏನು ಮಾಡಬೇಕು, ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಬಹುದೇ? ಓದಿದವರ ಮನೆಯಲ್ಲಿ ಇಂಥ ಸಂಗತಿಗಳು ಊಟಕ್ಕೆ ಕೂತಾಗಲೇ ಕಿವಿಗೆ ಬೀಳುತ್ತವೆ. ಹೊಲದಿಂದ ಮರಳಿದ ಅಪ್ಪ ಅಮ್ಮನಿಗೆ ಆ ಪದಗಳೇ ಹೊಸವು. ತಾಲ್ಲೂಕು ಕಾಲೇಜಿನ ಮೇಷ್ಟ್ರಿಗೂ ಅಂಥ ಪತ್ರ ಬರೆದ ರೂಢಿ ಇರುವುದಿಲ್ಲ. ಹೀಗೆ ಹಿಂದುಳಿದವರನ್ನು ಪ್ರತಿಭೆ ಸಾಲದವರೆಂದು ಎಣಿಸುವುದು ದೊಡ್ಡ ಅನ್ಯಾಯ.

ಏಕಲವ್ಯ ತುಂಬುತ್ತಿರುವುದು ಈ ಕಂದರವನ್ನು. ಪದವಿ ವಿದ್ಯಾರ್ಥಿಗಳಿಗೆ ಕಾರ್ಯಾಗಾರಗಳು ನಡೆಯುತ್ತವೆ. ಬಳಿಕ ಒಬ್ಬೊಬ್ಬರ ಅರ್ಜಿಗೂ ಮಾರ್ಗದರ್ಶನ ಸಿಗುತ್ತದೆ. ಕೆಲವರು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಸ್ನಾತಕೋತ್ತರ ಓದಿಗೆ ಬರುತ್ತಾರೆ, ಕೆಲವರು ಬ್ರಿಟನ್ನಿಗೆ ಹೋಗುತ್ತಾರೆ. ಕೈಹಿಡಿದು ನಡೆಸುವವರಲ್ಲಿ ಮೊನ್ನೆ ಮೊನ್ನೆ ಇದೇ ದಾರಿ ತುಳಿದವರೂ ಇರುವುದು ಇದರ ಬಲ. ಎಡವಿದ ಕಲ್ಲು ಯಾವುದೆಂದು ಅವರ ಕಾಲಿಗೆ ಇನ್ನೂ ನೆನಪಿರುತ್ತದೆ.

ವಿದರ್ಭದ ದೊಡ್ಡ ನಗರ ನಾಗಪುರಕ್ಕೆ ಓದಿನ ಈ ಹಂಬಲ ಹೊಸದಲ್ಲ. ಕೂಲಿಯಾಗಿ ಹೊರೆ ಹೊರುತ್ತಿದ್ದ ಜಾಯಿಬಾಯಿ ಚೌಧರಿ ಅಕ್ಷರ ಕಲಿತು 1922ರಲ್ಲಿ ಇಲ್ಲಿ ಸಂತ ಚೋಖಾಮೇಳ ಹೆಣ್ಣುಮಕ್ಕಳ ಶಾಲೆ ತೆರೆದರು. 1956ರಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ಇಲ್ಲಿನ ದೀಕ್ಷಾಭೂಮಿಯಲ್ಲಿ 1964ರಿಂದ ಅವರ ಹೆಸರಿನ ಕಾಲೇಜಿದೆ. ಆ ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದದ್ದೂ ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ.