ಮುಚ್ಚಿದ ಬಾಗಿಲಿನ ಭಯ

ನಾಲವಾರದ ಸಮೀಪದ ತಾಯಿಯೊಬ್ಬರು ಬೆನ್ನಿನ ಎಂ.ಆರ್.ಐ. ಪರೀಕ್ಷೆಗೆಂದು ಕಲಬುರಗಿಗೆ ಹೋಗಿ, ಯಂತ್ರದೊಳಗೆ ಮಲಗಲಾರದೆ ಮರಳಿದರು. ಕೆಲವರು ಗಾಳಿ ಸೋಂಕಿದೆಯೆಂದರು, ಕೆಲವರು ನಕ್ಕರು. ಎರಡೂ ಸಲ್ಲದು. ಸುಮಾರು 60 ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಅರ್ಧ ತಾಸು ಅಲುಗದೆ ಮಲಗುವಾಗ ಎದೆ ಬಡಿದು ಉಸಿರು ಕಟ್ಟಿದಂತಾಗುವುದು ನಟನೆಯಲ್ಲ. ಗದ್ದುಗೆಯ ಕಿರುಬಾಗಿಲಲ್ಲೇ ನಿಂತು ಕೈಮುಗಿಯುವವರಲ್ಲಿಯೂ ಇಂಥವರಿದ್ದಾರೆ; ಅವರ ಭಕ್ತಿಗೆ ಕೊರತೆಯಿಲ್ಲ.

ಚರಕಸಂಹಿತೆಯು ಭಯವನ್ನು ಮನೋವಿಕಾರಗಳಲ್ಲಿ ಎಣಿಸಿದೆ. ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವನ್ನು ಚಿಕಿತ್ಸೆಯೆಂದಿದೆ. ಇಲ್ಲಿ ಅಹಿತವಾದುದು ಕೋಣೆಯಲ್ಲ, ಉಸಿರು ನಿಂತೀತೆಂಬ ಕಲ್ಪನೆ. ಬ್ರಾಹ್ಮಿ, ಅಶ್ವಗಂಧಗಳನ್ನು ನಾನೂ ಕೊಡುತ್ತೇನೆ. ಅವುಗಳಿಂದಲೇ ಈ ಭಯ ನೀಗುವುದೆಂದು ಹೇಳಲಾರೆ. ತಪ್ಪಿಸಿಕೊಂಡಷ್ಟೂ ಅದು ಬಲಿಯುತ್ತದೆ. ಬಾಗಿಲು ಅರೆತೆರೆದ ಕೋಣೆಯಲ್ಲಿ ಕುಳಿತು, ಉಸಿರನ್ನು ನಿಧಾನವಾಗಿ ಹೊರಬಿಡುತ್ತ, ಏರಿದ ಭಯ ತಾನಾಗಿ ಇಳಿಯುವವರೆಗೆ ಏಳಬಾರದು. ಕೆಲದಿನಗಳ ಬಳಿಕ ಬಾಗಿಲು ಮುಚ್ಚಬೇಕು. ಚಿಲಕ ಮಾತ್ರ ತಮ್ಮ ಕೈಯಲ್ಲೇ ಇರಲಿ. ಧೈರ್ಯ ಬರಲೆಂದು ಬಲವಂತದಿಂದ ಕೂಡಿಹಾಕುವುದು ಅಪರಾಧವೇ ಸರಿ. ಇಷ್ಟರಿಂದ ಆಗದಿದ್ದರೆ ಮನೋವೈದ್ಯರ ಬಳಿ ಹೋಗಲು ಸಂಕೋಚ ಬೇಡ.

ಆ ತಾಯಿ ಮೂರು ವಾರ ಹೀಗೆ ಅಭ್ಯಾಸ ಮಾಡಿ ಮತ್ತೆ ಹೋದರು. ಮೊದಲೇ ತಿಳಿಸಿದ್ದರಿಂದ ಸಿಬ್ಬಂದಿಯವರು ಕರೆಗಂಟೆಯ ಗುಂಡಿಯನ್ನು ಕೈಗಿತ್ತು, ಕಣ್ಣಿಗೆ ಬಟ್ಟೆ ಕಟ್ಟಿದರು. ಗುಂಡಿಯನ್ನು ಒಮ್ಮೆಯೂ ಒತ್ತಲಿಲ್ಲವಂತೆ.