ಸಾಸಿವೆ ಮೇಲಿನ ರೊಟ್ಟಿ

ಮಕ್ಕಳೇ, ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ನಿಮ್ಮ ಅಜ್ಜ-ಅಜ್ಜಿ ಮರೆತಿರಲಾರರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಎತ್ತರದ ಸೇನಾ ಠಾಣೆಯ ಮೇಲೆ ಭಾರಿ ಹಿಮಗೋಡೆ ಕುಸಿಯಿತು. ಹತ್ತು ಯೋಧರು ಹೂತುಹೋದರು. ಡಾಟ್, ಮಿಶಾ ಎಂಬ ನಾಯಿಗಳೂ ಹುಡುಕಾಟಕ್ಕೆ ಇಳಿದವು. ಆರನೆಯ ದಿನ ಸಿಕ್ಕಾಗ ಹನುಮಂತಪ್ಪ ಒಬ್ಬರೇ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ಕಣ್ಮುಚ್ಚಿದರು.

“ಹತ್ತಿಯಂಥ ಹಿಮ ಅಷ್ಟು ಕ್ರೂರಿಯೇ ತಾತಾ?” ಎಂದು ಮೊಮ್ಮಗಳು ಕೇಳಿದಳು. ಅವಳ ಅಣ್ಣ ಈ ಚಳಿಗಾಲದಲ್ಲಿ ಹಿಮಾಚಲಕ್ಕೆ ಚಾರಣ ಹೊರಟಿದ್ದಾನೆ. ಸಿಯಾಚಿನ್‌ನಲ್ಲಿ ಬಿದ್ದದ್ದು ಗೋಡೆ. ಚಾರಣಿಗರಿಗೆ ಹೆಚ್ಚು ಅಪಾಯ ಇಳಿಜಾರಿನಲ್ಲಿ ಜಾರುವ ಹಿಮದಿಂದ. ಅದನ್ನು ಇಬ್ಬರಿಗೂ ಅಡುಗೆಮನೆಯಲ್ಲೇ ತೋರಿಸಿದೆ. ನೀವೂ ಮಾಡಿ ನೋಡಿ.

ಮಣೆಯ ಮೇಲೆ ಕಡಕ್ ರೊಟ್ಟಿ ಇಟ್ಟು ನಿಧಾನವಾಗಿ ಓರೆ ಮಾಡಿ. ಎಷ್ಟು ಓರೆಯಾದಾಗ ಜಾರಿತು, ನೋಡಿಕೊಳ್ಳಿ. ಈಗ ರೊಟ್ಟಿಯಡಿ ಸಾಸಿವೆ ಹರಡಿ ಮತ್ತೆ ಓರೆ ಮಾಡಿ. ಸ್ವಲ್ಪ ಎತ್ತುವಷ್ಟರಲ್ಲೇ ಇಡೀ ರೊಟ್ಟಿ ಸರ್ರೆಂದು ಇಳಿಯುತ್ತದೆ! (ಸಾಸಿವೆ ಆರಿಸುವ ಕೆಲಸವೂ ನಿಮ್ಮದೇ.)

ಬೆಟ್ಟದ ಹಿಮವೂ ಹೀಗೆ ಪದರ ಪದರ. ನೆಲ ತುಸು ಬೆಚ್ಚಗಿದ್ದು ಮೇಲಿನ ಗಾಳಿ ಕೊರೆಯುತ್ತಿದ್ದರೆ, ತೆಳು ಹಿಮದೊಳಗೆ ಆವಿ ಮೇಲೇರುತ್ತದೆ. ಆಗ ಅಡಿಯ ಹಿಮ ಸಕ್ಕರೆಯಂತೆ ಹರಳುಗಟ್ಟುತ್ತದೆ. ಒಣ ಸಕ್ಕರೆಯಲ್ಲಿ ಉಂಡೆ ಕಟ್ಟಲು ಬರುತ್ತದೆಯೇ? ಆ ಹರಳುಗಳೂ ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಗಟ್ಟಿ ಹಲಗೆಯಾಗಿ ಕೂತರೆ, ಒಬ್ಬ ಮನುಷ್ಯ ಕಾಲಿಟ್ಟ ಭಾರಕ್ಕೇ ಅಷ್ಟೂ ಜಾರಬಹುದು. ಇಂಥ ಅಪಘಾತಗಳಲ್ಲಿ ಬಹುಪಾಲು ಹಿಮ ಜಾರುವುದು ಸಿಲುಕಿದವರಿಂದ ಅಥವಾ ಅವರ ಸಂಗಡಿಗರಿಂದಲೇ. ಸಿನಿಮಾದಲ್ಲಿ ತೋರಿಸುವಂತೆ ಕೂಗಿದ್ದಕ್ಕಲ್ಲ!

ನಿಮ್ಮ ಕೋನಮಾಪಕ ತೆಗೆಯಿರಿ. 30ರಿಂದ 45 ಡಿಗ್ರಿಯ ಇಳಿಜಾರೇ ಹೆಚ್ಚು ಅಪಾಯಕಾರಿ. ತೀರಾ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ. ಹೊಸದಾಗಿ ಹಿಮ ಸುರಿದಿದ್ದರೆ, ಜೋರು ಗಾಳಿ ಅದನ್ನು ಒಂದೆಡೆ ಗುಡ್ಡೆ ಹಾಕಿದ್ದರೆ, ದಿಢೀರನೆ ಬಿಸಿಲೇರಿದರೆ ಎಚ್ಚರ. ಕಾಲಡಿ ಗುಮ್ಮೆಂಬ ಸದ್ದು, ಹಿಮದಲ್ಲಿ ಓಡುವ ಬಿರುಕು ಕಂಡರೆ ಆ ಇಳಿಜಾರಿನಿಂದ ದೂರ ಸರಿಯಲೇಬೇಕು.

ಹೂತವರಿಗೆ ಮೊದಲ ಕೆಲವು ನಿಮಿಷಗಳೇ ಜೀವ. ಪೇಟೆಯಿಂದ ನೆರವು ಬರುವವರೆಗೆ ಕಾಯಲಾಗದು. ಜೊತೆಗಿದ್ದವರೇ ಅಗೆದು ತೆಗೆಯಬೇಕು. ಅದಕ್ಕೇ ಬಲ್ಲವರು ಸಂಕೇತ ಕಳಿಸುವ ಪುಟ್ಟ ಯಂತ್ರ, ಹಿಮ ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ ಮೂರನ್ನೂ ಒಯ್ಯುತ್ತಾರೆ.

ಮೊಮ್ಮಗನಿಗೆ ಹೋಗಬೇಡ ಎನ್ನಲಿಲ್ಲ. ಒಂದೇ ಮಾತು ಪಡೆದೆ: ಹಿಮಕುಸಿತದ ಮುನ್ಸೂಚನೆ ಕೇಳಬೇಕು, ಮಾರ್ಗದರ್ಶಿ “ಇವತ್ತು ಬೇಡ” ಎಂದರೆ ಮರುಮಾತಿಲ್ಲದೆ ಹಿಂದಿರುಗಬೇಕು. ಅಜ್ಜ-ಅಜ್ಜಿಯರೇ, ಚಾರಣಕ್ಕೆ ಹೊರಟ ಮಕ್ಕಳಿಂದ ನೀವೂ ಈ ಮಾತು ಪಡೆಯಿರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ.