ಊರಿಗೆ ಇಪ್ಪತ್ತು ಪೌಂಡಿನ ಸುತ್ತಿಗಿ ಬ್ಯಾಡ



ಹೊಲಕ್ಕೆ ಹೋಗುವ ಬಂಡಿ ದಾರಿಯಲ್ಲಿ ಹುಣಸೆ ಮರದ ಹತ್ತಿರ ಮೂರು ಬಂಡೆಗಲ್ಲು ತಲೆ ಎತ್ತಿಕೊಂಡು ಕುಂತಿರುವುದು ನಿಮಗೆಲ್ಲ ಗೊತ್ತೇ ಇದೆ. ಅವು ವರ್ಷಾ ವರ್ಷಾ ಬೆಳೀತಾವೆ ಅಂತ ಸಣ್ಣ ಹುಡುಗರು ಅಂತಾರೆ. ಕಲ್ಲು ಬೆಳೆಯುವುದಿಲ್ಲ, ಮಳೆಗೆ ಸುತ್ತಲಿನ ಮಣ್ಣು ಕೊಚ್ಚಿ ಹೋಗುತ್ತದೆ. ಹತ್ತಿ ಹೇರಿದ ಬಂಡಿ ಅಲ್ಲಿ ವಾಲುತ್ತದೆ. ಜೆಸಿಬಿ ತರಿಸೋಣ ಅಂದರೆ ಓಣಿ ಇಕ್ಕಟ್ಟು. ಮದ್ದು ಇಟ್ಟು ಸಿಡಿಸಬೇಕಂದ್ರೆ ಸರ್ಕಾರದ ಪರವಾನಗಿ ಬೇಕು, ಮೇಲಾಗಿ ಮನೆಗಳು ಹತ್ತಿರ. ಅದಕ್ಕೆ ಮನೆ ಮನೆಗೆ ಪಟ್ಟಿ ಎತ್ತಿ ರಾಯಚೂರಿನಿಂದ ಒಂದು ದೊಡ್ಡ ಸುತ್ತಿಗಿ ತರೋದು ಅಂತ ಹಿರಿಯರು ಕಟ್ಟಿ ಮೇಲೆ ಕುಂತು ಮಾತಾಡಿದ್ದಾರೆ. ಪುಸ್ತಕದಲ್ಲಿ ಇದಕ್ಕೆ ಸಮ್ಮಟಿಗೆ ಎಂದು ಬರೆಯುತ್ತಾರೆ. "ತರೋದಾದ್ರೆ ಇಪ್ಪತ್ತು ಪೌಂಡಿಂದೇ ತರ್ರಿ, ಒಂದೇ ಏಟಿಗೆ ಕಲ್ಲು ಎರಡಾಗಬೇಕು" ಎಂದು ಒಬ್ಬರು ಅಂದರು, ಉಳಿದವರು ಹೂಂ ಅಂದರು. ನನ್ನ ಅಭಿಪ್ರಾಯ ಬೇರೆ ಇದೆ. ಕಟ್ಟಿ ಹತ್ತಿರ ಹುಡುಗರು ಮಾತಾಡಿದರೆ ಬೈತಾರೆ, ಆದ್ದರಿಂದ ಗೋಡೆ ಮೇಲೆ ಬರೆಯುತ್ತಿದ್ದೇನೆ.

ಇಪ್ಪತ್ತು ಪೌಂಡು ಅಂದರೆ ಸುಮಾರು 9 ಕೆ.ಜಿ. ಒಂಬತ್ತು ಲೀಟರ್ ನೀರು ಇರುವ ಕೊಡವನ್ನು ಉದ್ದ ಕೋಲಿಗೆ ಕಟ್ಟಿ ತಲೆ ಮೇಲಕ್ಕೆ ಎತ್ತಿದಂಗೆ. ಒಂದು ಸಲ ಎತ್ತಬಹುದು, ಹತ್ತು ಸಲ ಎತ್ತಬಹುದು. ಆದರೆ ನಮ್ಮ ಕಡೆಯ ಕಲ್ಲು ಹತ್ತು ಏಟಿಗೆ ಮಾತು ಕೇಳುವ ಕಲ್ಲಲ್ಲ. ಇದು ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ನೂರು ಏಟು, ಇನ್ನೂರು ಏಟು ಬೇಕು. ಅಷ್ಟು ಸಲ 9 ಕೆ.ಜಿ. ಎತ್ತುವವರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ? ಎರಡು ಮೂರು ಮಂದಿ ಇರಬಹುದು. ಉಳಿದವರು ನಿಂತು ನೋಡೋದೇ. ಆಮೇಲೆ ಅದು ಜಾತ್ರೆಯಲ್ಲಿ ಗುಂಡು ಎತ್ತುವ ಆಟ ಆಗುತ್ತದೆ, ದಾರಿ ಕೆಲಸ ಆಗುವುದಿಲ್ಲ. ನಮ್ಮ ತರಗತಿ ಹುಡುಗರಂತೂ ಯಾರು ಮೊದಲು ಎತ್ತಬೇಕು ಅಂತ ಈಗಲೇ ಪಂದ್ಯ ಕಟ್ಟಿದ್ದಾರೆ.

ವಿಜ್ಞಾನದ ಗುರುಗಳನ್ನು ಕೇಳಿದೆ. ಬಡಿತದ ಶಕ್ತಿಗೆ ತೂಕ ಒಂದು ಸಲ ಲೆಕ್ಕಕ್ಕೆ ಬಂದರೆ ವೇಗ ಎರಡು ಸಲ ಬರುತ್ತದೆ ಎಂದು ಹೇಳಿದರು. ಅಂದರೆ ತೂಕವನ್ನು ವೇಗದಿಂದ ಗುಣಿಸಿ, ಮತ್ತೆ ವೇಗದಿಂದಲೇ ಗುಣಿಸಬೇಕು. ಹತ್ತು ಪೌಂಡಿನ ಸುತ್ತಿಗಿ ನಾಲ್ಕೂವರೆ ಕೆ.ಜಿ. ಅದನ್ನು ಇಪ್ಪತ್ತು ಪೌಂಡಿನದಕ್ಕಿಂತ ಒಂದೂವರೆ ಪಟ್ಟು ಜೋರಾಗಿ ಬೀಸಿದರೆ 4.5 × 1.5 × 1.5, ಅಂದರೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ದೊಡ್ಡದನ್ನು ಮೆಲ್ಲಗೆ ಬೀಸಿದರೆ 9 × 1 × 1, ಒಂಬತ್ತೇ. ನೀವೂ ಪಾಟಿ ಮೇಲೆ ಮಾಡಿ ನೋಡಿರಿ. ಹಂಗಂತ ತೀರಾ ಹಗುರಾದದ್ದೂ ಬರುವುದಿಲ್ಲ. ಎರಡು ಕೆ.ಜಿ.ಯದರಿಂದ ಬಂಡೆಗೆ ಬಡಿದರೆ ಅದು ಪುಟಿದು ವಾಪಸ್ ಬರುತ್ತದೆ, ಕೈ ಜುಂ ಅನ್ನುತ್ತದೆ.

ನಮ್ಮ ಊರಿನ ಕಲ್ಲು ಕೆಲಸದ ತಾತನನ್ನೂ ಕೇಳಿದೆ. ತಾತ ನಕ್ಕು, "ಕಲ್ಲು ಸಿಟ್ಟಿಗೆ ಒಡಿಯಂಗಿಲ್ಲವ್ವ, ಗೆರಿ ನೋಡಿ ಒಡೀಬೇಕು" ಅಂದ. ಬಂಡೆಯ ಮೇಲೆ ನೇರ ಗೆರೆ ಎಳೆದು, ಅದರ ಮೇಲೆ ಉಳಿಯಿಂದ ಗೇಣಿಗೊಂದು ಗುಳಿ ತೋಡುತ್ತಾರೆ. ಗುಳಿಯೊಳಗೆ ಕಬ್ಬಿಣದ ಬೆಣೆ ಕೂಡಿಸುತ್ತಾರೆ. ಆಮೇಲೆ ಈ ತುದಿಯಿಂದ ಆ ತುದಿಗೆ ಒಂದೊಂದು ಬೆಣೆಗೆ ಒಂದೊಂದೇ ಏಟು. ಒಂದೇ ಬೆಣೆಗೆ ಜಾಸ್ತಿ ಬಡಿದರೆ ಕಲ್ಲು ಅಡ್ಡಾದಿಡ್ಡಿ ಬಿರುಕು ಬಿಡುತ್ತದೆ. ಬಡೀತಾ ಬಡೀತಾ ಸಪ್ಪಳ ಬದಲಾಗುತ್ತದಂತೆ. ಮೊದಲು ಠಣ್ ಅನ್ನೋದು ಆಮೇಲೆ ದಪ್ ಅನ್ನುತ್ತದೆ, ಆಗ ಕಲ್ಲು ಒಳಗೇ ಬಿಟ್ಟಿದೆ ಅಂತ ತಿಳೀಬೇಕು. ಈ ಕೆಲಸಕ್ಕೆ ಬೇಕಾದದ್ದು ಹೇಳಿದ ಕಡೆಗೇ ಬೀಳುವ ಸುತ್ತಿಗಿ. ಇಪ್ಪತ್ತು ಪೌಂಡಿನದು ಬೀಸಿದವನ ಮಾತು ಕೇಳದೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ.

ರಾಯಚೂರು ಕೋಟೆ ನೋಡಿದವರಿಗೆ ಇದು ಗೊತ್ತಾಗಬೇಕು. 1294ರಲ್ಲಿ ಕಾಕತೀಯರ ಕಾಲದಲ್ಲಿ ಆ ಕೋಟೆ ಕಟ್ಟಿದರು. ಅಲ್ಲಿ ಶಾಸನ ಇರುವ ಒಂದೇ ಕಲ್ಲು 41 ಅಡಿ ಉದ್ದ ಇದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದದ್ದನ್ನು ಗೋಡೆಯಲ್ಲಿ ಚಿತ್ರ ಕೊರೆದಿದ್ದಾರೆ. ಒಳಗೋಡೆಯ ಕಲ್ಲುಗಳ ನಡುವೆ ಗಾರೆ ಹಾಕಿಲ್ಲ, ಒಂದಕ್ಕೊಂದು ಕೂಡುವಂತೆ ಕಡಿದೇ ಕೂಡಿಸಿದ್ದಾರೆ. ಬರೀ ಜೋರಿನಿಂದ ಬಡಿದಿದ್ದರೆ ಅಷ್ಟು ನುಣುಪು ಬರುತ್ತಿತ್ತೇ? 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿನವರ ಹತ್ತಿರ ತೋಪುಗಳಿದ್ದವು. ಹೊರಗಿನ ಸೈನಿಕರು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲು ಕಿತ್ತರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಹತ್ತು ಪಣದಿಂದ ಐವತ್ತು ಪಣದವರೆಗೆ ಕೊಟ್ಟರೆಂದು ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ. ಕೋಟೆಯಂಥ ಕೋಟೆಯನ್ನೇ ಕೈಯಲ್ಲಿ ಹಿಡಿಯುವ ಹತಾರದಿಂದ ಬಿಚ್ಚಿದರು, ನಮ್ಮದು ಮೂರು ಬಂಡೆ.

ಇನ್ನು ಒಂದು ಮಾತು ಬಹಳ ಮುಖ್ಯ. ಹೋದ ವರ್ಷ ನಮ್ಮ ಓಣಿಯ ಅಣ್ಣ ಒಬ್ಬರು ಬುನಾದಿ ಕಲ್ಲು ಒಡೆಯಲು ಹೋಗಿದ್ದರು. ಕೆಲಸ ಕೊಟ್ಟವರೇ ಹಳೇ ಸುತ್ತಿಗಿ ಕೊಟ್ಟಿದ್ದರು. ಬಡಿದು ಬಡಿದು ಅದರ ಮುಖ ಅಣಬೆಯಂಗೆ ಅಗಲವಾಗಿ ಅಂಚು ಮಡಚಿತ್ತು. ಆ ಅಂಚಿನ ಚಕ್ಕೆ ಸಿಡಿದು ಅಣ್ಣನ ಕಣ್ಣಿಗೆ ಬಿತ್ತು. ಎರಡು ಸಲ ರಾಯಚೂರಿಗೆ ಕರೆದುಕೊಂಡು ಹೋದರು. ಈಗಲೂ ಆ ಕಣ್ಣಿಗೆ ಎಲ್ಲ ಮಂಜಾಗಿ ಕಾಣುತ್ತದೆ, ಸೂಜಿಗೆ ದಾರ ಹಾಕಲು ಬರುವುದಿಲ್ಲ. ಒಂದು ಕನ್ನಡಕ ಇದ್ದಿದ್ದರೆ ಆಗುತ್ತಿರಲಿಲ್ಲ. ಅಣಬೆಯಾದ ಅಂಚನ್ನು ಸಾಣೆ ಹಿಡಿದು ತೆಗೆಸಿದ್ದರೂ ಆಗುತ್ತಿರಲಿಲ್ಲ. ಪಟ್ಟಿಯ ಲೆಕ್ಕದಲ್ಲಿ ಕನ್ನಡಕದ ಹೆಸರನ್ನೇ ಯಾರೂ ಎತ್ತಿಲ್ಲ.

ಅದಕ್ಕೆ ನಾನು ಹೇಳುವುದೇನೆಂದರೆ, ಅದೇ ರೊಕ್ಕದಲ್ಲಿ ಎಂಟು ಪೌಂಡಿನದೊಂದು, ಹನ್ನೆರಡು ಪೌಂಡಿನದೊಂದು ತರಲಿ. ಉಳಿದದ್ದರಲ್ಲಿ ನಾಲ್ಕು ಕನ್ನಡಕ. ಒಬ್ಬರು ದಣಿದರೆ ಇನ್ನೊಬ್ಬರು ಹಿಡಿಯಬಹುದು. ಮಾನ್ವಿ ಕಡೆ ನಮ್ಮ ಚಿಕ್ಕಮ್ಮನ ಊರಲ್ಲಿ ಹೆಣ್ಣುಮಕ್ಕಳೂ ಕಲ್ಲು ಒಡೆಯುತ್ತಾರೆ. ನಮ್ಮೂರಲ್ಲೂ ದಾರಿ ಕೆಲಸಕ್ಕೆ ಅವ್ವ, ಅತ್ತಿ ಎಲ್ಲರೂ ಬರುತ್ತಾರೆ. ಹಂಗಿದ್ದ ಮೇಲೆ ಅವರ ಕೈಗೆ ಆಗುವಂಥದ್ದೂ ಇರಬೇಕಲ್ಲವೇ? ಪಟ್ಟಿ ಕೊಡುವಾಗ ಅವರ ಮನೆಯಿಂದ ಕಡಿಮೆ ಏನೂ ತಗೊಂಡಿಲ್ಲ. ನಾವು ಹುಡುಗರು ಮಾತ್ರ ಅದನ್ನು ಮುಟ್ಟುವುದು ಬೇಡ, ಒಡೆದ ಚೂರು ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಹಾಕೋಣ.

ತರುವಾಗ ನೋಡಬೇಕಾದದ್ದೂ ಇದೆ. ಎರಕ ಹೊಯ್ದ ಕಬ್ಬಿಣದ್ದು ಬೇಡ, ಗಾಜಿನಂಗೆ ಒಡೆಯುತ್ತದೆ. ಕಾಸಿ ಬಡಿದ ಉಕ್ಕಿನದು ಬೇಕು. ಕಾವಿನಲ್ಲಿ ಗಂಟು ಇರಬಾರದು, ಮರದ ಎಳೆ ತುದಿಯಿಂದ ತುದಿಗೆ ನೆಟ್ಟಗೆ ಓಡಿರಬೇಕು. ತಾತ ಬಿದಿರಿನ ಕಾವು ಹಾಕುತ್ತಾನೆ, ಅದು ಸ್ವಲ್ಪ ಬಳುಕಿ ಏಟಿನ ಅದುರನ್ನು ತಾನೇ ಕುಡಿಯುತ್ತದೆ. ಕಾವು ಸಡಿಲಾದರೆ ಕೆಲವರು ನೀರಲ್ಲಿ ನೆನೆ ಹಾಕುತ್ತಾರೆ. ಒಣಗಿದ ಮೇಲೆ ಮತ್ತೆ ಸಡಿಲ, ಮೊದಲಿಗಿಂತ ಹೆಚ್ಚೇ. ಬೆಣೆ ಬಡಿದು ಬಿಗಿ ಮಾಡಬೇಕು, ಇಲ್ಲ ಕಾವೇ ಬದಲಿಸಬೇಕು. ಯಾಕಂದ್ರೆ ಬೀಸುವಾಗ ತಲೆ ಕಳಚಿ ಹಾರಿದರೆ ಎದುರಿಗೆ ನಿಂತವರ ಗತಿ ಏನು?

ಇವೆಲ್ಲ ಅಂಗಡಿಯಲ್ಲಿ ನಿಂತು ಕೈಯಲ್ಲಿ ಹಿಡಿದರೇ ಗೊತ್ತಾಗುವುದು. ರಾಯಚೂರಿಗೆ ಹೋಗುವ ಇಬ್ಬರು ಹಿರಿಯರಿಗೆ ಲೆಕ್ಕಪತ್ರ ಚೆನ್ನಾಗಿ ಬರುತ್ತದೆ, ಆದರೆ ಇಬ್ಬರೂ ಕಲ್ಲು ಒಡೆದವರಲ್ಲ. ಕಲ್ಲು ಕೆಲಸದ ತಾತನನ್ನೂ ಕರೆದುಕೊಂಡು ಹೋಗಲಿ. ತಾತನ ಬಸ್ ಚಾರ್ಜು ಪಟ್ಟಿಯ ರೊಕ್ಕದಲ್ಲೇ ಕೊಡಲಿ, ಊಟದ್ದೂ ಕೊಡಲಿ.